ತಟ್ಟೆ ಹತ್ತಿರ ಹೋದರೆ ಗುರ್ ಅನ್ನುವ ನಾಯಿ

ನಮ್ಮ ಮನೆ ಕರಿಯನ ಬಗ್ಗೆ ಬೀದಿಯಲ್ಲಿ ಎರಡು ಮಾತಿವೆ. ಒಂದು, ಇಷ್ಟು ಸಾಧು ನಾಯಿ ಇನ್ನೊಂದಿಲ್ಲ. ಇನ್ನೊಂದು, ಅದು ಮುದ್ದೆ ತಿನ್ನುವಾಗ ಯಮನೂ ಹತ್ತಿರ ಹೋಗಬಾರದು. ಎರಡೂ ನಿಜವೇ.

ಕರಿಯ ಸಿಕ್ಕಿದ್ದು ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಹಿಂದೆ. ಎಸೆದ ಎಂಜಲೆಲೆಗೆ ಐದಾರು ಮರಿಗಳು ಕಿತ್ತಾಡುತ್ತಿದ್ದವು. ಅವುಗಳಲ್ಲಿ ತೀರಾ ಬಡಕಲು ಇವನು. ಮನೆಗೆ ತಂದು ಎರಡು ವರ್ಷವಾಯಿತು, ಹೊಟ್ಟೆ ತುಂಬಾ ಊಟ ಸಿಗುತ್ತದೆ. ಆದರೂ ತಟ್ಟೆ ಇಟ್ಟ ಕೂಡಲೇ ಹಳೆಯ ಹಸಿವು ಅವನ ಮೈಮೇಲೆ ಬಂದುಬಿಡುತ್ತದೆ. ಅಗಿಯದೆ ನುಂಗುತ್ತಾನೆ. ಯಾರಾದರೂ ಪಕ್ಕದಲ್ಲಿ ಹಾದರೆ ಮೈ ಸೆಟೆದುಕೊಳ್ಳುತ್ತದೆ, ಆಮೇಲೆ ಗುರ್ ಶುರು.

ಇಷ್ಟು ದಿನ ನಾವೂ ಅಂಥದ್ದೇನು ತಲೆ ಕೆಡಿಸಿಕೊಂಡಿರಲಿಲ್ಲ. ಕಳೆದ ವರ್ಷ ತಂಗಿ ಎರಡನೇ ಹೆರಿಗೆಗೆ ತವರಿಗೆ ಬರುವುದು ಅಂತಾದಾಗ ಮಾತು ಬದಲಾಯಿತು. ಅವಳ ಜೊತೆ ಮೂರು ವರ್ಷದ ಮಗ. ಐದು ತಿಂಗಳು ಇದೇ ಮನೆ, ಇದೇ ಅಂಗಳ.

ಅವ್ವ ನೇರವಾಗಿ ಹೇಳಿದಳು: "ನೋಡು ಮಗಾ, ಕೂಸು ಬರಾದ್ರೊಳಗೆ ನಾಯಿದು ಏನಾದ್ರೂ ದಾರಿ ಮಾಡು."

ಊರಲ್ಲಿ ದಾರಿಗೇನು ಬರ. ಒಬ್ಬರು, ಗೋಣಿಚೀಲದಲ್ಲಿ ಹಾಕಿ ಬೈಕಲ್ಲಿ ನಾಲ್ಕೂರಾಚೆ ಬಿಟ್ಟು ಬಾ ಅಂದರು. ಇನ್ನೊಬ್ಬರು, ತಿನ್ನುವಾಗಲೇ ತಟ್ಟೆ ಕಿತ್ತುಕೊಂಡು ಎರಡು ಬಿಗಿ, ಯಜಮಾನ ಯಾರು ಅಂತ ಗೊತ್ತಾಗಲಿ ಅಂದರು.

ಮೊದಲನೆಯದು ನನಗೆ ಒಪ್ಪಿಗೆಯಾಗಲಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಹಾಗಿರಲಿ, ತಟ್ಟೆ ಕಾಯುವ ನಾಯಿಯನ್ನು ಬೇರೆ ಊರಿಗೆ ಬಿಟ್ಟರೆ ಅದು ಆ ಊರಿನ ಮಕ್ಕಳಿಗೆ ಕಚ್ಚುತ್ತದೆ. ನಮ್ಮ ಕೂಸು ಉಳಿಯಲಿ ಅಂತ ಇನ್ನೊಬ್ಬರ ಕೂಸಿನ ಅಂಗಳಕ್ಕೆ ಬಿಟ್ಟಂತೆ.

ಎರಡನೆಯದನ್ನು ಕೇಳಲು ತಾಲ್ಲೂಕಿನ ಪಶು ವೈದ್ಯರ ಹತ್ತಿರ ಹೋದೆ. ನಾಯಿ ಕಡಿತದ ಸುದ್ದಿ ಬರೆಯಲು ಆಸ್ಪತ್ರೆಗೆ ಹೋದಾಗ ನಾನು ಎಷ್ಟೋ ಸಲ ಕೇಳಿದ ಮಾತಿದೆ: "ಬೀದಿ ನಾಯಿ ಅಲ್ಲ ಸಾರ್, ನಮ್ಮನೇದೇ. ಊಟ ಮಾಡ್ತಿತ್ತು, ಮಗು ಹೋಗಿ ಮುಟ್ತು." ಇದನ್ನು ಹೇಳಿದೆ. ವೈದ್ಯರು ತಲೆಯಾಡಿಸಿದರು.

ಅವರು ಹೇಳಿದ್ದರ ಸಾರ ಇಷ್ಟು. ಗುರುಗುಟ್ಟುವುದು ಸೊಕ್ಕಲ್ಲ, ಭಯ. ಇರುವುದನ್ನೂ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ತಟ್ಟೆ ಕಿತ್ತು ಹೊಡೆದರೆ ಆ ಭಯ ನಿಜವಾಯಿತು. ಏಟಿಗೆ ಹೆದರಿ ನಾಯಿ ಗುರುಗುಟ್ಟುವುದನ್ನು ನಿಲ್ಲಿಸಬಹುದು, ಆದರೆ ಭಯ ಹಾಗೇ ಇರುತ್ತದೆ. ಅದು ಹಾರ್ನ್ ಕಿತ್ತ ಲಾರಿ ಇದ್ದಂತೆ. ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕುತ್ತದೆ.

"ಮನುಷ್ಯ ಹತ್ತಿರ ಬಂದ್ರೆ ಊಟ ಹೋಗಲ್ಲ, ಇನ್ನೂ ಒಳ್ಳೇದು ಬರುತ್ತೆ ಅಂತ ಅದಕ್ಕೆ ಅನ್ನಿಸಬೇಕು. ಅಷ್ಟೇ ಕೆಲಸ. ಆದ್ರೆ ಅವಸರ ಮಾಡಬೇಡಿ," ಅಂದರು.

ಆ ಕೆಲಸವನ್ನು ನಾವು ಹೀಗೆ ಮಾಡಿದೆವು.

ಮೊದಲು ಜಾಗ ಬದಲಾಯಿಸಿದೆವು. ಅಲ್ಲಿಯವರೆಗೆ ಬಾಗಿಲ ಮುಂದೆಯೇ ಊಟ. ಕೋಳಿ, ಮಕ್ಕಳು, ಬಂದುಹೋಗುವವರು ಎಲ್ಲ ಅಲ್ಲೇ. ಈಗ ಹಿತ್ತಿಲಲ್ಲಿ ಸೌದೆ ಒಟ್ಟಿದ ಕಡೆ, ಯಾರೂ ದಾಟದ ಮೂಲೆ. ಒಂದೇ ಸಲ ರಾಶಿ ಸುರಿಯುವುದು ಬಿಟ್ಟು, ದಿನಕ್ಕೆ ಎರಡು ಹೊತ್ತು, ಗೊತ್ತಾದ ಸಮಯಕ್ಕೆ. ತಿಂದು ಅವನೇ ಎದ್ದು ಹೋಗುವವರೆಗೆ ತಟ್ಟೆ ಎತ್ತುವಂತಿಲ್ಲ.

ಆಮೇಲೆ ದೂರದ ಲೆಕ್ಕ. ಹತ್ತು ಹೆಜ್ಜೆ ದೂರದಲ್ಲಿ ಹಾದುಹೋದರೆ ಅವನು ತಲೆ ಎತ್ತುತ್ತಿರಲಿಲ್ಲ. ಅಲ್ಲಿಂದ ಶುರು. ಅವನು ಮುದ್ದೆ ತಿನ್ನುತ್ತಿರುವಾಗ ನಾನು ಆ ದೂರದಲ್ಲಿ ಹಾದು, ಬೇಯಿಸಿದ ಮೊಟ್ಟೆಯ ಒಂದು ಚೂರು ಅವನ ಕಡೆ ಎಸೆದು, ನಿಲ್ಲದೆ ಹೋಗುತ್ತಿದ್ದೆ. ಮುದ್ದೆಗಿಂತ ಮೊಟ್ಟೆ ಅವನಿಗೆ ದೊಡ್ಡದು. ಮೈ ಸಡಿಲವಾಗಿದ್ದರೆ ನಾಲ್ಕೈದು ದಿನಕ್ಕೆ ಒಂದು ಹೆಜ್ಜೆ ಹತ್ತಿರ. ಸೆಟೆದುಕೊಂಡರೆ ಎರಡು ಹೆಜ್ಜೆ ಹಿಂದೆ.

ಗುರ್ ಅನ್ನುವ ಮುಂಚೆಯೇ ನಾಯಿ ಹೇಳುತ್ತದೆ, ನಾವು ನೋಡುವುದಿಲ್ಲ. ತಿನ್ನುವ ವೇಗ ಹೆಚ್ಚುತ್ತದೆ, ಇಲ್ಲವೇ ತಟ್ಟೆ ಮೇಲೆ ತಲೆ ಬಗ್ಗಿಸಿ ಕಲ್ಲಿನಂತೆ ನಿಲ್ಲುತ್ತದೆ. ಓರೆಗಣ್ಣಿನಲ್ಲಿ ನೋಡುವಾಗ ಕಣ್ಣಿನ ಬಿಳಿ ಕಾಣುತ್ತದೆ. ತುಟಿ ಮೇಲೇರುತ್ತದೆ. ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಮೆಲ್ಲಗೆ ಸರಿಯಬೇಕು.

ಬಾಯಲ್ಲಿ ಚಪ್ಪಲಿ, ಮೂಳೆ ಏನೇ ಕಚ್ಚಿಕೊಂಡಿದ್ದರೂ ಎಳೆಯುವುದಿಲ್ಲ. ಬೇರೆ ದಿಕ್ಕಿಗೆ ರುಚಿಯಾದದ್ದು ಎಸೆದು, ಅವನು ಅತ್ತ ಹೋದಮೇಲೆ ಇದನ್ನು ಎತ್ತುತ್ತೇವೆ. ಬೇಯಿಸಿದ ಕೋಳಿ ಮೂಳೆ ಹಾಕುವುದನ್ನೇ ನಿಲ್ಲಿಸಿದೆವು. ಅದು ಸೀಳಾಗಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಅವ್ವನಿಗೆ ಮೊದಮೊದಲು ನಗು. "ಮನ್ಸರಿಗೇ ಮೊಟ್ಟೆ ಇಲ್ಲ, ನಾಯಿಗೆ ದಿನಾ ಮೊಟ್ಟೆ" ಅನ್ನುತ್ತಿದ್ದಳು. ಒಂದು ಮೊಟ್ಟೆಯಲ್ಲಿ ಹತ್ತು ಚೂರು ಮಾಡಿ ತೋರಿಸಿದ ಮೇಲೆ ಅವಳೇ ಎಸೆಯಲು ಶುರು ಮಾಡಿದಳು. ಎರಡು ತಿಂಗಳಾಗುವ ಹೊತ್ತಿಗೆ ಅವ್ವ ಸೌದೆಗೆ ಹೋದರೆ ಕರಿಯ ಮುದ್ದೆಯಿಂದ ತಲೆಯೆತ್ತಿ ಬಾಲ ಆಡಿಸುತ್ತಿದ್ದ.

ಇಷ್ಟಾದರೂ ಮಗುವಿನ ವಿಷಯದಲ್ಲಿ ನಾವು ನಂಬಿಕೆಯ ಮೇಲೆ ಬಿಡಲಿಲ್ಲ. ಮೇಲೆ ಹೇಳಿದ ಯಾವ ಕೆಲಸವನ್ನೂ ಮಕ್ಕಳ ಕೈಲಿ ಮಾಡಿಸಬಾರದು. ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಕರಿಯನ ಊಟದ ಹೊತ್ತಿಗೆ ಹಿತ್ತಿಲ ಬಾಗಿಲಿಗೆ ಚಿಲಕ. ಅಳಿಯ ರೊಟ್ಟಿ ಹಿಡಿದು ತಿನ್ನುವಾಗ ಕರಿಯ ಹೊರಗೆ.

ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ ಅದು ಬೇರೆ ಮಾತು. ಹಲ್ಲು ನೋವೋ, ಗಾಯವೋ ಇರಬಹುದು. ಜೊಲ್ಲು ಸುರಿಸುತ್ತಿದ್ದರೆ, ನುಂಗಲು ಆಗದಿದ್ದರೆ, ಕಂಡಕಂಡದ್ದಕ್ಕೆ ಬಾಯಿ ಹಾಕಿದರೆ ಹತ್ತಿರ ಹೋಗದೆ ಪಶು ಆಸ್ಪತ್ರೆಗೆ ತಿಳಿಸಿ. ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಇರಬಹುದು. ಸಾಕುನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಿ.

ಯಾವುದೇ ನಾಯಿ ಕಚ್ಚಲಿ, ಗಾಯಕ್ಕೆ ಸುಣ್ಣ, ಖಾರದಪುಡಿ, ಅರಿಸಿನ ಏನನ್ನೂ ಮೆತ್ತಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಚುಚ್ಚುಮದ್ದಾದರೆ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೇ ದಿನ. ಆಳದ ಗಾಯವಾದರೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಕೊಡುತ್ತಾರೆ. ಗಾಯ ಒಣಗಿತು ಅಂತ ನಡುವೆ ಬಿಡಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ತಂಗಿ ಐದು ತಿಂಗಳು ಇದ್ದು ಹೋದಳು. ಯಾರಿಗೂ ಒಂದು ಗೀರೂ ಆಗಲಿಲ್ಲ. ಈಗ ಅವಳು ಫೋನ್ ಮಾಡಿದಾಗಲೆಲ್ಲ ಅಳಿಯ ಫೋನ್ ಕಿತ್ತುಕೊಳ್ಳುತ್ತಾನೆ. ಹಿತ್ತಿಲ ಬಾಗಿಲ ಹತ್ತಿರ ನಿಂತು ದಿನಾ ಕೇಳುತ್ತಿದ್ದ ಪ್ರಶ್ನೆಯನ್ನೇ ಮೊದಲು ಕೇಳುತ್ತಾನೆ: "ಮಾವ, ಕರಿಯಂದು ಊಟ ಆಯ್ತಾ?"