ಬೈಗುಳದ ಪುಟ ಬಂದಾಗ

ಮಕ್ಕಳನ್ನು ಕೂರಿಸಿಕೊಂಡು ಕಾದಂಬರಿಯನ್ನು ಗಟ್ಟಿಯಾಗಿ ಓದುವುದು ನನ್ನ ಚಟ. ರಾತ್ರಿ ಊಟ ಮುಗಿದು ಚಾಪೆ ಹಾಸಿದರೆ ಮಗಳೂ ತಂಗಿಯ ಮಗನೂ ಹಾಜರು. ಒಂದೇ ಗಂಟಲಿನಲ್ಲಿ ಧಣಿಯೂ ಆಗಬಹುದು, ಆಳೂ ಆಗಬಹುದು. ಕಣ್ಣಲ್ಲಿ ಓದುವಾಗ ಜಾರಿಹೋಗುವ ಸಿಟ್ಟು, ಬಾಯಲ್ಲಿ ಓದುವಾಗ ನಾಲಿಗೆಗೆ ತಾಗುತ್ತದೆ. ಈ ಸುಖದಲ್ಲಿ ದೊಡ್ಡ ಪಾಲು ಓದುವವರದೇ.

ಈ ಸಲ ಕಾರಂತರ ‘ಚೋಮನ ದುಡಿ’. 1933ರ ಪುಸ್ತಕ, ಕೈಗೆ ಹಗುರ, ಮನಸ್ಸಿಗೆ ಭಾರ. ಜಾತಿಯ ಹೆಸರೇ ಬೈಗುಳವಾಗಿದ್ದ ಕಾಲದ ಕತೆ. ‘ಅಂಥದ್ದನ್ನೆಲ್ಲ ಹಾರಿಸಿ ಓದು, ಮಕ್ಕಳಲ್ವಾ’ ಎಂದರು ನೆಂಟರೊಬ್ಬರು. ಅಮೆರಿಕದಲ್ಲಿ ಅದನ್ನೂ ಮಾಡಿ ನೋಡಿದ್ದಾರೆ: ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ಗೆ 2011ರಲ್ಲಿ ಬಂದ ಒಂದು ಆವೃತ್ತಿ, ಕಪ್ಪು ಜನರನ್ನು ಹೀಯಾಳಿಸುವ ಪದವಿದ್ದಲ್ಲೆಲ್ಲ ‘ಗುಲಾಮ’ ಎಂದು ಹಾಕಿತು.

ಚೋಮನ ಮುಂದೆ ಆ ಉಪಾಯ ನಡೆಯದು. ಕೊಟ್ಟಿಗೆಯಲ್ಲಿ ಎತ್ತಿದ್ದರೂ ಹೊಲೆಯನೆಂಬ ಕಾರಣಕ್ಕೆ ಅವನಿಗೆ ಗದ್ದೆಯಿಲ್ಲ. ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಹೆದರಿ ಕೈ ಚಾಚುವುದಿಲ್ಲ. ಜಾತಿಯನ್ನು ನುಂಗಿಕೊಂಡು ಓದಿದರೆ ಆ ಹುಡುಗ ಯಾಕೆ ಸತ್ತನೆಂದು ಹೇಳುವುದು ಹೇಗೆ?

ನಾನು ಜಾತಿಯ ಪದಕ್ಕೆ ಉತ್ತರ ತಯಾರು ಮಾಡಿಕೊಂಡು ಕೂತಿದ್ದರೆ ಮಗಳು ಹಿಡಿದದ್ದು ಏಕವಚನವನ್ನು. ‘ಅಷ್ಟು ವಯಸ್ಸಾದವನಿಗೆ ಎಲ್ಲರೂ ನೀನು ಅಂತಾರಲ್ಲಮ್ಮ?’ ಹುಡುಗನ ತಕರಾರು ಬೇರೆ: ‘ದೊಡ್ಡಮ್ಮ, ಇವರನ್ನ ಪೊಲೀಸ್ ಹಿಡಿಯಲ್ವಾ?’ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದದ್ದು 1950ರಲ್ಲಿ, ದಲಿತರ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆ 1989ರಲ್ಲಿ ಎಂದೆ. ಅವನು ಲೆಕ್ಕ ಹಾಕಿ, ‘ಪುಸ್ತಕ ಬಂದು 56 ವರ್ಷ ಆದ್ಮೇಲಾ!’ ಎಂದು ಬಾಯಿ ಬಿಟ್ಟ. ಆ ರಾತ್ರಿ ಓದಿಗಿಂತ ಮಾತೇ ಹೆಚ್ಚಾಯಿತು.

ಇದಕ್ಕೂ ಒಂದು ಕಸುಬುಗಾರಿಕೆಯಿದೆ. ಬೈಗುಳಕ್ಕೆ ನಾಟಕದ ಗತ್ತು ಕೊಟ್ಟರೆ ಮಕ್ಕಳು ಮರುದಿನ ಅದನ್ನೇ ಆಟಕ್ಕೆ ಒಯ್ಯುತ್ತಾರೆ. ಅಂಥ ಸಾಲು ಬಂದಾಗ ಅಭಿನಯ ಬಿಟ್ಟು ಸಪ್ಪೆಯಾಗಿ, ನಿಧಾನವಾಗಿ ಓದುತ್ತೇನೆ. ಯಾರು ಯಾರಿಗೆ ಅಂದರು ಎಂಬುದು ಮಾತ್ರ ಕೇಳಿಸಲಿ. ಅದೇ ಪದವನ್ನು ಬೀದಿಯಲ್ಲೋ ಶಾಲೆಯಲ್ಲೋ ತನ್ನ ಮೇಲೆ ಎಸೆಸಿಕೊಂಡ ಮಗು ಚಾಪೆಯ ಮೇಲಿದ್ದರೆ ಲೆಕ್ಕವೇ ಬೇರೆ. ಸಾಹಿತ್ಯದ ಹೆಸರು ಹೇಳಿ ಅದನ್ನು ಆ ಕಿವಿಗೆ ಇನ್ನೊಮ್ಮೆ ಹಾಕುವ ಹಕ್ಕು ನನಗಿಲ್ಲ. ಮಗುವನ್ನೂ ಮನೆಯವರನ್ನೂ ಕೇಳಿಯೇ ಪುಸ್ತಕ ತೆರೆಯಬೇಕು; ಬೇಡವೆಂದರೆ ಬೇರೆ ಪುಸ್ತಕ.

ಮುಂದಿನ ಸರದಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಅದರಲ್ಲಿ ಗುತ್ತಿಯ ಜತೆ ಹುಲಿಯ ಎಂಬ ನಾಯಿಯೂ ಇದೆ ಎಂದದ್ದೇ ತಡ, ಪಾಲು ಹಂಚಿಕೆ ಮುಗಿಯಿತು. ಗುತ್ತಿಯ ಮಾತು ಮಗಳಿಗೆ, ನಾಯಿಯ ಬೊಗಳು ಹುಡುಗನಿಗೆ. ಗೌಡರ ಬೈಗುಳವೆಲ್ಲ ನನ್ನ ಪಾಲಿಗೆ.