ಗವಾಹಿಯ ಭಾರ

ಉರ್ದುವಿನಲ್ಲಿ 'ಶಹಾದತ್' ಎಂಬ ಮಾತಿಗೆ ಎರಡು ಅರ್ಥ. ಸಾಕ್ಷಿ ನುಡಿಯುವುದೂ ಶಹಾದತ್, ಸತ್ಯಕ್ಕಾಗಿ ಪ್ರಾಣ ಕೊಡುವುದೂ ಶಹಾದತ್. ಕಣ್ಣಾರೆ ಕಂಡು ಹೇಳುವವನು ಶಾಹಿದ್, ಪ್ರಾಣ ತೆತ್ತವನು ಶಹೀದ್. ಕನ್ನಡದ 'ಸಾಕ್ಷಿ'ಯೊಳಗೆ ಕಣ್ಣು ಇದೆ. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮಗೆ ಅಮೆರಿಕದ ಕೆಲವು ಕುಖ್ಯಾತ ಕೊಲೆ ಮೊಕದ್ದಮೆಗಳ ಬಗ್ಗೆ ಓದುವಾಗಲೆಲ್ಲ ಈ ಪದಗಳು ಒಟ್ಟೊಟ್ಟಿಗೇ ನೆನಪಾಗುತ್ತವೆ. ಕಣ್ಣು ಕಂಡದ್ದಕ್ಕೂ ಬಾಯಿ ಹೇಳಿದ್ದಕ್ಕೂ ನಡುವೆ ಇರುವ ಅಂತರದಲ್ಲಿ ಅಲ್ಲಿ ಕೆಲವರ ಇಡೀ ಆಯುಷ್ಯವೇ ಕಳೆದುಹೋಗಿದೆ.

1965ರ ಫೆಬ್ರವರಿ 21, ಭಾನುವಾರ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿರುವ ಆಡುಬಾನ್ ಬಾಲ್‌ರೂಮ್ ಎಂಬ ಸಭಾಂಗಣ. ಮಾಲ್ಕಂ ಎಕ್ಸ್ ಭಾಷಣಕ್ಕೆ ಎದ್ದು ನಿಂತು ಸಲಾಮು ಹೇಳಿದ್ದಷ್ಟೇ. ಸಭೆಯ ನಡುವೆ ಗದ್ದಲವೆದ್ದಿತು, ಗುಂಡುಗಳು ಹಾರಿದವು. ಗರ್ಭಿಣಿ ಹೆಂಡತಿ ಮತ್ತು ಪುಟ್ಟ ಹೆಣ್ಣುಮಕ್ಕಳ ಕಣ್ಣೆದುರಿಗೇ ಆತ ಬಿದ್ದರು. ಆಗ ಅವರಿಗೆ 39 ವರ್ಷ. ಅದಕ್ಕೆ ಹಿಂದಿನ ವರ್ಷವಷ್ಟೇ 'ನೇಷನ್ ಆಫ್ ಇಸ್ಲಾಂ' ಸಂಘಟನೆಯಿಂದ ಹೊರಬಂದು, ಹಜ್ ಯಾತ್ರೆ ಮಾಡಿ, ಎಲ್ಲ ಬಣ್ಣದ ಜನ ಒಂದೇ ಸಾಲಿನಲ್ಲಿ ನಿಂತದ್ದನ್ನು ಕಂಡು, ಎಲ್-ಹಜ್ ಮಾಲಿಕ್ ಎಲ್-ಶಬಾಜ್ ಎಂಬ ಹೆಸರಿನೊಂದಿಗೆ ಮರಳಿದ್ದರು. ಕೊಲೆಗೆ ಒಂದು ವಾರ ಮುಂಚೆ ಅವರ ಮನೆಗೆ ಬೆಂಕಿ ಬಾಂಬುಗಳನ್ನು ಎಸೆಯಲಾಗಿತ್ತು. ಬೆದರಿಕೆ ಇತ್ತೆಂಬುದು ಪೊಲೀಸರಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ನೂರಾರು ಜನ ಕೂತಿದ್ದ ಸಭೆ ಅದು. ಇಷ್ಟು ಕಣ್ಣುಗಳಿದ್ದ ಕೊಲೆಯಲ್ಲಿ ಸತ್ಯ ಕಂಡುಹಿಡಿಯುವುದು ಸುಲಭ ಎಂದು ಯಾರಿಗಾದರೂ ಅನ್ನಿಸಬೇಕು. ಆದದ್ದೇ ಬೇರೆ. ಕಾಲಿಗೆ ಗುಂಡು ತಗುಲಿದ ಒಬ್ಬ ಯುವಕ ಸ್ಥಳದಲ್ಲೇ ಜನರ ಕೈಗೆ ಸಿಕ್ಕ. ಮುಂದೆ ಮುಜಾಹಿದ್ ಅಬ್ದುಲ್ ಹಲೀಂ ಎಂದು ಹೆಸರಾದವನು ಇವನೇ. ಕೆಲವು ದಿನಗಳ ನಂತರ ಇನ್ನಿಬ್ಬರನ್ನು ಅವರವರ ಮನೆಗಳಿಂದ ಹಿಡಿದು ತಂದರು. ಅವರು ಮುಹಮ್ಮದ್ ಅಜೀಜ್ ಮತ್ತು ಖಲೀಲ್ ಇಸ್ಲಾಂ. ಇಬ್ಬರೂ ನೇಷನ್ ಆಫ್ ಇಸ್ಲಾಂನ ಸದಸ್ಯರು. ಅವರನ್ನು ಕೊಲೆಗೆ ಜೋಡಿಸುವ ಒಂದು ಬೆರಳಚ್ಚಾಗಲೀ ಆಯುಧವಾಗಲೀ ಇರಲಿಲ್ಲ. ಇದ್ದದ್ದು ಕಂಡೆವೆಂದವರ ಹೇಳಿಕೆ ಮಾತ್ರ, ಅವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಂದು ಅಜೀಜ್ ಕಾಲು ನೋವಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮನೆಯಲ್ಲಿದ್ದರು. ಇಬ್ಬರ ಹೆಂಡತಿಯರೂ ಕೋರ್ಟಿನಲ್ಲಿ ನಿಂತು ಗಂಡ ಮನೆಯಲ್ಲೇ ಇದ್ದನೆಂದು ಹೇಳಿದರು. ಹೆಂಡತಿ ಗಂಡನ ಪರವಾಗಿ ಹೇಳದೆ ಇನ್ನೇನು ಹೇಳಿಯಾಳು ಎಂಬ ಮಾತು ಎಲ್ಲ ದೇಶದ ಕೋರ್ಟುಗಳಲ್ಲೂ ಇದೆ. ಹಲೀಂ ವಿಚಾರಣೆಯ ನಡುವೆಯೇ ತಾನು ಕೊಲೆಯಲ್ಲಿದ್ದುದನ್ನು ಒಪ್ಪಿಕೊಂಡು, ಈ ಇಬ್ಬರಿಗೂ ಇದಕ್ಕೂ ಸಂಬಂಧವಿಲ್ಲ ಎಂದ. ಕೊಲೆಗಾರನೆಂದು ಒಪ್ಪಿದವನ ಮಾತಿನಲ್ಲಿ ಅರ್ಧವನ್ನು ಮಾತ್ರ ಜ್ಯೂರಿ ನಂಬಿತು. 1966ರ ಮಾರ್ಚ್‌ನಲ್ಲಿ ಮೂವರೂ ಅಪರಾಧಿಗಳೆಂದು ತೀರ್ಪಾಯಿತು. ಮೂವರಿಗೂ ಜೀವಾವಧಿ.

1970ರ ದಶಕದ ಕೊನೆಯಲ್ಲಿ ಹಲೀಂ ಪ್ರಮಾಣಪತ್ರ ಬರೆದುಕೊಟ್ಟು, ತನ್ನೊಂದಿಗಿದ್ದವರು ನ್ಯೂಜೆರ್ಸಿ ಕಡೆಯ ಬೇರೆ ನಾಲ್ವರು ಎಂದು ಹೇಳಿದ. ಕೋರ್ಟು ಪ್ರಕರಣವನ್ನು ಮತ್ತೆ ತೆರೆಯಲು ಒಪ್ಪಲಿಲ್ಲ. ಅಜೀಜ್ 1985ರಲ್ಲಿ, ಖಲೀಲ್ 1987ರಲ್ಲಿ ಪೆರೋಲ್ ಮೇಲೆ ಹೊರಬಂದರು. ಬಿಡುಗಡೆಯಾದರೂ ಕೊಲೆಗಾರರೆಂಬ ಹೆಸರು ಅಳಿಯಲಿಲ್ಲ. ಖಲೀಲ್ 2009ರಲ್ಲಿ ಆ ಹೆಸರಿನೊಂದಿಗೇ ಮಣ್ಣಾದರು. 2020ರಲ್ಲಿ ಒಂದು ಸಾಕ್ಷ್ಯಚಿತ್ರ ಸರಣಿ ಈ ಪ್ರಶ್ನೆಯನ್ನು ಜನರ ಮುಂದಿಟ್ಟಿತು. ಮ್ಯಾನ್‌ಹಟನ್ನಿನ ಜಿಲ್ಲಾ ಸರ್ಕಾರಿ ವಕೀಲರ ಕಚೇರಿ, ಅಜೀಜ್ ಮತ್ತು ಖಲೀಲ್ ಪರ ವಕೀಲರ ಜೊತೆಗೂಡಿ 22 ತಿಂಗಳು ಹಳೆಯ ಕಡತಗಳನ್ನು ಕೆದಕಿತು. ಆರೋಪಿಗಳಿಗೆ ಅನುಕೂಲವಾಗಬಲ್ಲ ಕಾಗದಗಳನ್ನು ಎಫ್‌ಬಿಐ ಮತ್ತು ನ್ಯೂಯಾರ್ಕ್ ಪೊಲೀಸರು ಬಚ್ಚಿಟ್ಟಿದ್ದರು ಎಂಬುದು ಹೊರಬಿತ್ತು. ಅಂದು ಸಭಾಂಗಣದಲ್ಲಿ ವೇಷ ಮರೆಸಿಕೊಂಡ ಪೊಲೀಸರೂ ಇದ್ದರು, ಆ ಸಂಗತಿಯನ್ನೂ ಮುಚ್ಚಿಡಲಾಗಿತ್ತು. 2021ರ ನವೆಂಬರ್ 18ರಂದು ಕೋರ್ಟು ಇಬ್ಬರ ಶಿಕ್ಷೆಯನ್ನೂ ರದ್ದು ಮಾಡಿತು. ಅಜೀಜ್‌ಗೆ ಆಗ 83 ವರ್ಷ. ತಾನು ನಿರ್ದೋಷಿ ಎಂದು ತಿಳಿಯಲು ತನಗೆ ಈ ಕೋರ್ಟಾಗಲೀ ಕಾಗದದ ಚೂರಾಗಲೀ ಬೇಕಿಲ್ಲ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಮರುವರ್ಷ ನಗರ ಮತ್ತು ರಾಜ್ಯ ಸೇರಿ ಅಜೀಜ್‌ಗೂ ಖಲೀಲ್ ವಾರಸುದಾರರಿಗೂ 3 ಕೋಟಿ 60 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿದವು.

ಕಥೆ ಬರೆಯುವ ನಮ್ಮಂಥವರು ಇಲ್ಲಿ ಒಂದು ಸಂಗತಿಯನ್ನು ಗಮನಿಸದೆ ಇರಲಾರೆವು. ಕೋರ್ಟಿನಲ್ಲಿ ಎರಡೂ ಕಡೆಯವರು ಹೇಳುವುದು ಕಥೆಯನ್ನೇ. ಪಾತ್ರ, ಉದ್ದೇಶ, ಆರಂಭ, ಅಂತ್ಯ ಎಲ್ಲ ಚೆನ್ನಾಗಿ ಹೊಂದಿಕೊಂಡರೆ ಕೇಳುವವರು ತಲೆದೂಗುತ್ತಾರೆ. ಮಾಲ್ಕಂ ಮೇಲೆ ನೇಷನ್‌ನವರಿಗೆ ದ್ವೇಷವಿತ್ತು, ಈ ಇಬ್ಬರು ನೇಷನ್‌ನವರು, ಆದ್ದರಿಂದ ಕೊಂದವರು ಇವರೇ. ಕಥೆಯಾಗಿ ಇದರಲ್ಲಿ ಊನವಿಲ್ಲ. ಆದರೆ ಕಥೆ ಹೊಂದಿಕೊಳ್ಳುವುದು ಬೇರೆ, ನಡೆದದ್ದು ಬೇರೆ. ಬರೆಯುವಾಗ ಪಾತ್ರವೊಂದನ್ನು ಎಲ್ಲಿ ಬೇಕಾದರೂ ನಿಲ್ಲಿಸುವ ಸ್ವಾತಂತ್ರ್ಯ ನಮಗಿದೆ, ಸರ್ಕಾರಿ ವಕೀಲನಿಗೆ ಇಲ್ಲ.

ಕಥೆ ಮನುಷ್ಯನನ್ನು ಹೇಗೆ ಕೊಲ್ಲಬಲ್ಲುದೆಂಬುದಕ್ಕೆ ಟೆಕ್ಸಾಸ್ ರಾಜ್ಯದ ಕೊರ್ಸಿಕಾನಾ ಎಂಬ ಊರಿನ ಕ್ಯಾಮರೂನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಪ್ರಕರಣವನ್ನು ನೋಡಬೇಕು. 1991ರ ಡಿಸೆಂಬರ್ 23ರಂದು ಆತನ ಮನೆಗೆ ಬೆಂಕಿ ಬಿದ್ದು ಮೂವರು ಪುಟ್ಟ ಹೆಣ್ಣುಮಕ್ಕಳು ಸತ್ತರು, ತಂದೆ ಬದುಕಿದ. ಮೊದಲು ನೆರೆಹೊರೆಯವರು, ಅವನು ಮಕ್ಕಳಿಗಾಗಿ ಹುಚ್ಚನಂತೆ ಕಿರುಚಾಡಿದ ಎಂದರು. ಪೊಲೀಸರ ಸಂಶಯ ಅವನ ಮೇಲೆ ತಿರುಗಿತೆಂದು ತಿಳಿದ ಮೇಲೆ, ಅವನು ಒಳಗೆ ನುಗ್ಗಲು ಸಾಕಷ್ಟು ಪ್ರಯತ್ನಿಸಲಿಲ್ಲ, ಕಾರನ್ನು ಬೆಂಕಿಯಿಂದ ದೂರ ಸರಿಸಿದ ಎಂಬ ಮಾತುಗಳು ಮುಂದೆ ಬಂದವು. ಕಣ್ಣುಗಳು ಅವೇ, ಕಂಡದ್ದು ಬೇರೆಯಾಯಿತು. ನೆಲದ ಸುಟ್ಟ ಕಲೆಗಳನ್ನೂ ಜೇಡರ ಬಲೆಯಂತೆ ಬಿರುಕುಬಿಟ್ಟ ಗಾಜನ್ನೂ ತೋರಿಸಿ, ಯಾರೋ ದ್ರವ ಸುರಿದೇ ಬೆಂಕಿ ಹಚ್ಚಿದ್ದಾರೆಂದು ತನಿಖಾಧಿಕಾರಿಗಳು ಹೇಳಿದರು. ಗೋಡೆಗೆ ಅಂಟಿಸಿದ್ದ ರಾಕ್ ಸಂಗೀತ ತಂಡದ ಭಿತ್ತಿಚಿತ್ರವೂ ಅವನ ಕ್ರೌರ್ಯದ ಗುರುತಾಯಿತು. ಅವನು ತಪ್ಪೊಪ್ಪಿಕೊಂಡಿದ್ದನೆಂದು ಸಹಕೈದಿಯೊಬ್ಬ ಹೇಳಿದ, ಮುಂದೆ ಆ ಮಾತನ್ನು ಹಿಂತೆಗೆದುಕೊಂಡ.

ಬಿಸಿ ಗಾಜಿನ ಮೇಲೆ ಅಗ್ನಿಶಾಮಕರ ತಣ್ಣೀರು ಬಿದ್ದರೂ ಗಾಜು ಹಾಗೆ ಬಿರುಕು ಬಿಡುತ್ತದೆ. ಕೋಣೆಯೊಳಗಿನ ಶಾಖ ಒಂದು ಮಿತಿ ಮೀರಿ ಎಲ್ಲವೂ ಒಮ್ಮೆಗೇ ಹೊತ್ತಿಕೊಂಡಾಗ ಯಾರೂ ಏನೂ ಸುರಿಯದಿದ್ದರೂ ನೆಲದ ಮೇಲೆ ಅಂಥ ಕಲೆಗಳು ಮೂಡುತ್ತವೆ. ಗೆರಾಲ್ಡ್ ಹರ್ಸ್ಟ್ ಎಂಬ ಬೆಂಕಿ ತಜ್ಞರು ಇದನ್ನೆಲ್ಲ ಬರೆದು, ಶಿಕ್ಷೆ ಜಾರಿಯಾಗುವ ಮೊದಲೇ ಅಧಿಕಾರಸ್ಥರಿಗೆ ತಲುಪಿಸಿದ್ದರು. ಆದರೂ 2004ರ ಫೆಬ್ರವರಿ 17ರಂದು ವಿಲ್ಲಿಂಗ್‌ಹ್ಯಾಮ್‌ನನ್ನು ಸೂಜಿಮದ್ದು ಕೊಟ್ಟು ಕೊಲ್ಲಲಾಯಿತು. ರಾಜ್ಯದ ವಿಧಿವಿಜ್ಞಾನ ಆಯೋಗಕ್ಕಾಗಿ ಕ್ರೇಗ್ ಬೇಲರ್ 2009ರಲ್ಲಿ ಸಿದ್ಧಪಡಿಸಿದ ವರದಿಯೂ, ಬೆಂಕಿ ಹಚ್ಚಲಾಗಿತ್ತೆನ್ನಲು ವೈಜ್ಞಾನಿಕ ಆಧಾರವಿರಲಿಲ್ಲವೆಂದಿತು. 2013ರಲ್ಲಿ ಟೆಕ್ಸಾಸ್, ಹಳಸಿದ ವಿಜ್ಞಾನದ ಮೇಲೆ ನಿಂತ ತೀರ್ಪುಗಳನ್ನು ಪ್ರಶ್ನಿಸಲು ಅವಕಾಶ ಕೊಡುವ ಕಾನೂನು ತಂದಿತು. ಸತ್ತವನಿಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಹಾಗೆಂದು ಅಮೆರಿಕದ ಕೋರ್ಟು ಯಾವಾಗಲೂ ನಿರಪರಾಧಿಯನ್ನೇ ಹಿಡಿಯುತ್ತದೆ ಎಂದು ತಿಳಿಯುವುದೂ ಅಷ್ಟೇ ಅವಸರದ ಮಾತು. 1994ರ ಜೂನ್ 12ರಂದು ಲಾಸ್ ಏಂಜಲೀಸ್‌ನಲ್ಲಿ ಓ. ಜೆ. ಸಿಂಪ್ಸನ್‌ನ ಮಾಜಿ ಪತ್ನಿ ನಿಕೋಲ್ ಬ್ರೌನ್ ಮತ್ತು ರಾನ್ ಗೋಲ್ಡ್‌ಮನ್ ಕೊಲೆಯಾದರು. ರಕ್ತದ ಕಲೆ, ಡಿಎನ್‌ಎ, ಕೈಗವಸು ಎಲ್ಲ ಸಿಂಪ್ಸನ್ ಕಡೆಗೇ ಬೆರಳು ಮಾಡಿದವು. ಆದರೆ ಕೈಗವಸನ್ನು ಪತ್ತೆ ಮಾಡಿದ ಪೊಲೀಸ್ ಅಧಿಕಾರಿ ಕರಿಯರನ್ನು ಹೀನಾಯವಾಗಿ ಬಯ್ಯುವವನೆಂದೂ, ಆ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದನೆಂದೂ ಧ್ವನಿಮುದ್ರಿಕೆಗಳಿಂದ ಬಯಲಾಯಿತು. ತಿಂಗಳುಗಟ್ಟಲೆ ನಡೆದ ವಿಚಾರಣೆಯ ನಂತರ ಜ್ಯೂರಿ ನಾಲ್ಕು ಗಂಟೆಗೂ ಕಡಿಮೆ ಚರ್ಚೆ ನಡೆಸಿ, 1995ರ ಅಕ್ಟೋಬರ್ 3ರಂದು ಅವನನ್ನು ಬಿಟ್ಟಿತು. 1997ರಲ್ಲಿ ಸಿವಿಲ್ ಜ್ಯೂರಿ ಅದೇ ಸಾವುಗಳಿಗೆ ಅವನೇ ಹೊಣೆ ಎಂದು 3 ಕೋಟಿ 35 ಲಕ್ಷ ಡಾಲರ್ ಕೊಡಲು ಹೇಳಿತು. ಇದು ಎಡವಟ್ಟೆಂದು ಕಾಣಬಹುದು. ಆದರೆ ಕ್ರಿಮಿನಲ್ ಕೋರ್ಟಿನಲ್ಲಿ ಸಮಂಜಸವಾದ ಸಂಶಯಕ್ಕೆ ಎಡೆಯೇ ಇರಬಾರದು. ಸಿವಿಲ್ ಕೋರ್ಟಿನಲ್ಲಿ ತಕ್ಕಡಿ ಒಂದು ಕಡೆಗೆ ತುಸು ವಾಲಿದರೂ ಸಾಕು. ಅಪರಾಧ ರುಜುವಾತಾಗಲಿಲ್ಲ ಎನ್ನುವುದಕ್ಕೂ ಅಪರಾಧವೇ ಮಾಡಿಲ್ಲ ಎನ್ನುವುದಕ್ಕೂ ಇರುವ ದೂರ ಇದು. ಸಿಂಪ್ಸನ್ 2024ರಲ್ಲಿ ತೀರಿಕೊಂಡಾಗಲೂ ಈ ಎರಡು ತೀರ್ಪುಗಳು ಹಾಗೇ ಅಕ್ಕಪಕ್ಕ ಕೂತಿದ್ದವು.

ಆ ಮೊಕದ್ದಮೆಯಲ್ಲಿ ಡಿಎನ್‌ಎ ಮಾದರಿಗಳನ್ನು ಸಂಗ್ರಹಿಸಿದ ರೀತಿಯನ್ನು ಎಳೆಎಳೆಯಾಗಿ ಬಿಡಿಸಿ ಪ್ರಶ್ನಿಸಿದ ವಕೀಲರು ಬ್ಯಾರಿ ಷೆಕ್. ಅವರೇ 1992ರಲ್ಲಿ ಪೀಟರ್ ನ್ಯೂಫೆಲ್ಡ್ ಜೊತೆ ಸೇರಿ 'ಇನ್ನೊಸೆನ್ಸ್ ಪ್ರಾಜೆಕ್ಟ್' ಸ್ಥಾಪಿಸಿ, ಡಿಎನ್‌ಎ ಪರೀಕ್ಷೆಯ ಬಲದಿಂದಲೇ ಎಷ್ಟೋ ನಿರಪರಾಧಿಗಳನ್ನು ಜೈಲಿನಿಂದ ಬಿಡಿಸಿದವರು. ಅಜೀಜ್ ಮತ್ತು ಖಲೀಲ್ ಪರ ನಿಂತದ್ದೂ ಅದೇ ಸಂಸ್ಥೆ. ಒಂದೆಡೆ ಡಿಎನ್‌ಎಯನ್ನು ಪ್ರಶ್ನಿಸಿ, ಇನ್ನೊಂದೆಡೆ ನಂಬುವುದು ಇಬ್ಬಗೆಯಲ್ಲವೇ ಎಂದು ಕೇಳುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ವಿಜ್ಞಾನ ಸುಳ್ಳಾಡದಿದ್ದರೂ ಅದನ್ನು ಹೊತ್ತು ತರುವ ಕೈ ಮನುಷ್ಯನದು. ಆ ಕೈ ಶುದ್ಧವೇ ಎಂದು ಎರಡೂ ಸಲ ಕೇಳಲೇಬೇಕು.

ಇನ್ನು ಅದ್ನಾನ್ ಸೈಯದ್. 1999ರ ಜನವರಿಯಲ್ಲಿ ಬಾಲ್ಟಿಮೋರ್‌ನ ಶಾಲಾ ವಿದ್ಯಾರ್ಥಿನಿ ಹೇ ಮಿನ್ ಲೀ ಕೊಲೆಯಾದಳು. ಆಕೆಯ ಮಾಜಿ ಗೆಳೆಯ, 17ರ ಅದ್ನಾನ್‌ನನ್ನು ಬಂಧಿಸಿದರು. ಜಾಮೀನಿನ ಹೊತ್ತಿಗೆ ಸರ್ಕಾರಿ ವಕೀಲೆ, ಪ್ರೇಮಭಂಗವಾದ ಪಾಕಿಸ್ತಾನಿ ಯುವಕರು ಕೊಲೆ ಮಾಡಿ ಪಾಕಿಸ್ತಾನಕ್ಕೆ ಓಡಿಹೋಗುವ ರೂಢಿಯಿದೆ ಎಂಬರ್ಥದ ವಾದ ಮುಂದಿಟ್ಟು, ನಂತರ ಅದಕ್ಕೆ ಕ್ಷಮೆ ಕೇಳಬೇಕಾಯಿತು. ಹುಡುಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು. 2000ದಲ್ಲಿ ಜೀವಾವಧಿಯಾಯಿತು. 2014ರಲ್ಲಿ 'ಸೀರಿಯಲ್' ಎಂಬ ಪಾಡ್‌ಕಾಸ್ಟ್ ಇಡೀ ಪ್ರಕರಣವನ್ನು ಕಂತು ಕಂತಾಗಿ ಹೇಳಿ ಲೋಕವನ್ನೆಲ್ಲ ನ್ಯಾಯಾಧೀಶರನ್ನಾಗಿ ಮಾಡಿತು. 2022ರಲ್ಲಿ ಶಿಕ್ಷೆ ರದ್ದಾಗಿ ಆತ ಹೊರಬಂದ. ಆದರೆ ತನಗೆ ಸರಿಯಾದ ಸಮಯದಲ್ಲಿ ತಿಳಿಸದೆ ವಿಚಾರಣೆ ನಡೆಸಿದರೆಂದು ಮೃತಳ ಸಹೋದರ ಮೇಲ್ಮನವಿ ಹೋದ. 2023ರಲ್ಲಿ ಶಿಕ್ಷೆಯ ತೀರ್ಪು ಮತ್ತೆ ಊರ್ಜಿತವಾಯಿತು, 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2025ರ ಮಾರ್ಚ್‌ನಲ್ಲಿ, ಕಳೆದ ಜೈಲುವಾಸವೇ ಸಾಕೆಂದು ನ್ಯಾಯಾಧೀಶೆ ಆತನನ್ನು ಹೊರಗೇ ಉಳಿಸಿದರು, ಅಪರಾಧಿ ಎಂಬ ತೀರ್ಪು ಮಾತ್ರ ಉಳಿಯಿತು.

ಈ ಪ್ರಕರಣದ ಮಾತು ಬಂದಾಗ ನಮ್ಮ ಜನ ತಕ್ಷಣ, 'ಮುಸಲ್ಮಾನ ಹುಡುಗನಲ್ಲವೇ, ಸಿಕ್ಕಿಸಿರುತ್ತಾರೆ' ಎಂದುಬಿಡುತ್ತಾರೆ. ಹೆಸರು ಕಂಡೊಡನೆ 'ಇವರೇ ಮಾಡಿರುತ್ತಾರೆ' ಎನ್ನುವವರಿಗೂ ನಮಗೂ ಆಗ ಏನು ವ್ಯತ್ಯಾಸ ಉಳಿಯಿತು? ಇಬ್ಬರೂ ಓದುವುದು ಹೆಸರನ್ನು, ಕಡತವನ್ನಲ್ಲ. ಆ ಸರ್ಕಾರಿ ವಕೀಲೆಯ ಮಾತು ಅನ್ಯಾಯವಾಗಿತ್ತೆನ್ನುವುದು ಖಂಡಿತ. ಆ ಅನ್ಯಾಯವೊಂದೇ ಅದ್ನಾನ್‌ನನ್ನು ನಿರ್ದೋಷಿ ಮಾಡುವುದಿಲ್ಲ, ಹೇ ಮಿನ್ ಲೀಯ ತಾಯಿಯ ಪ್ರಶ್ನೆಗೆ ಉತ್ತರವೂ ಆಗುವುದಿಲ್ಲ. ಮಾಲ್ಕಂ ಪ್ರಕರಣದಲ್ಲಂತೂ ಹೆಸರಿನ ಈ ಲೆಕ್ಕ ಸಂಪೂರ್ಣ ಕುಸಿದುಬೀಳುತ್ತದೆ. ಸತ್ತವರದ್ದು ಮುಸ್ಲಿಂ ಹೆಸರು, ಕೊಂದೆನೆಂದು ಒಪ್ಪಿಕೊಂಡವನದೂ ಮುಸ್ಲಿಂ ಹೆಸರು, ಮಾಡದ ತಪ್ಪಿಗೆ ಇಪ್ಪತ್ತು ವರ್ಷ ಕಳೆದವರದೂ ಮುಸ್ಲಿಂ ಹೆಸರು. ನಮ್ಮವರು ಎಂದು ಇವರಲ್ಲಿ ಯಾರ ಪರ ನಿಲ್ಲುವುದು? ಸಾಕ್ಷ್ಯದ ಪರ ನಿಲ್ಲುವುದೊಂದೇ ದಾರಿ.

ನಮ್ಮ ಮದ್ರಸಾಗಳಲ್ಲಿ ಕಲಿಸುವ ಫಿಕ್ಹ್‌ನಲ್ಲಿ ಇದು ಹೊಸ ವಿಷಯವೇನಲ್ಲ. ಸಂಶಯವಿದ್ದಲ್ಲಿ ಹದ್ದ್‌ನ ಶಿಕ್ಷೆಯನ್ನು ತಡೆಯಬೇಕು, ಶಿಕ್ಷಿಸಿ ತಪ್ಪುವುದಕ್ಕಿಂತ ಕ್ಷಮಿಸಿ ತಪ್ಪುವುದು ಲೇಸು ಎಂಬುದು ಫುಖಹಾಗಳ ಹಳೆಯ ನಿಯಮ. ಇಂಗ್ಲೆಂಡಿನ ಬ್ಲ್ಯಾಕ್‌ಸ್ಟೋನ್ 18ನೇ ಶತಮಾನದಲ್ಲಿ, ಒಬ್ಬ ನಿರಪರಾಧಿ ನರಳುವುದಕ್ಕಿಂತ ಹತ್ತು ಅಪರಾಧಿಗಳು ತಪ್ಪಿಸಿಕೊಳ್ಳುವುದು ಮೇಲು ಎಂದದ್ದೂ ಇದೇ ವಿವೇಕ. ಸುಳ್ಳು ಸಾಕ್ಷಿಯನ್ನು ಮಹಾಪಾಪಗಳ ಸಾಲಿನಲ್ಲಿಟ್ಟು, ತನ್ನವರ ವಿರುದ್ಧವಾದರೂ ಸತ್ಯವನ್ನೇ ನುಡಿಯಬೇಕೆಂದು ದೀನ್ ಹೇಳುತ್ತದೆ. ಖುತ್ಬಾದಲ್ಲಿ ಇದನ್ನು ಕೇಳಿ ಬಂದು ಅಂಗಳದಲ್ಲೇ ಯಾರದೋ ಅಪರಾಧವನ್ನು ತೀರ್ಮಾನಿಸುವುದು ಸುಲಭ. ನಿರಪರಾಧಿಯನ್ನು ಒಳಗೆ ಹಾಕಿದಾಗ ಅಪರಾಧಿ ಹೊರಗೆ ಉಳಿಯುತ್ತಾನೆ ಎಂಬುದನ್ನು ಎಲ್ಲ ಕಡೆಯವರೂ ಮರೆಯುತ್ತಾರೆ.

ಹಲೀಂ ಹೆಸರಿಸಿದ ಆ ನಾಲ್ವರಲ್ಲಿ ಒಬ್ಬರನ್ನೂ ಮಾಲ್ಕಂ ಕೊಲೆಗಾಗಿ ಕೋರ್ಟಿನ ಕಟಕಟೆಗೆ ತರಲಿಲ್ಲ. ಅವರೇ ಕೊಂದವರೆಂದು ಹೇಳುವ ಹಕ್ಕು ಈಗ ನಮಗೂ ಇಲ್ಲ, ಏಕೆಂದರೆ ಅವರ ವಿಚಾರಣೆ ನಡೆಯಲೇ ಇಲ್ಲ. ಅಜೀಜ್ ಮತ್ತು ಖಲೀಲ್‌ರನ್ನು ಹಿಡಿದ ದಿನವೇ ಹುಡುಕಾಟ ನಿಂತುಹೋಗಿತ್ತು. 2024ರ ನವೆಂಬರಿನಲ್ಲಿ ಮಾಲ್ಕಂ ಅವರ ಹೆಣ್ಣುಮಕ್ಕಳು ಎಫ್‌ಬಿಐ, ಸಿಐಎ ಮತ್ತು ನ್ಯೂಯಾರ್ಕ್ ಪೊಲೀಸರ ವಿರುದ್ಧ 10 ಕೋಟಿ ಡಾಲರ್‌ಗಳ ದಾವೆ ಹೂಡಿದರು. ಅಂದು ಸಭಾಂಗಣದಲ್ಲಿ ಕೂತಿದ್ದ ಮಕ್ಕಳು ಈಗ ಅಜ್ಜಿಯರ ವಯಸ್ಸಿನವರು. ಅಪ್ಪನನ್ನು ಕೊಂದವರು ಯಾರು, ಅದು ಯಾರಿಗೆಲ್ಲ ಮೊದಲೇ ತಿಳಿದಿತ್ತು ಎಂದು ಅವರು ಇನ್ನೂ ಕೇಳುತ್ತಿದ್ದಾರೆ.