ಅಮ್ಮನ ಶ್ರುತಿಗೆ ನನ್ನ ಗಿಟಾರು

ಯಶವಂತಪುರದಲ್ಲಿ ರೈಲು ಹತ್ತಿದ ಮೇಲೆ ಗಿಟಾರಿಗೆ ಜಾಗ ಹುಡುಕುವುದೇ ದೊಡ್ಡ ಕೆಲಸವಾಯಿತು. “ಹಬ್ಬಕ್ಕೆ ಊರಿಗೆ ಹೋಗೋರು ಅಮ್ಮಂಗೆ ಸೀರೆ ತಗೊಂಡು ಹೋಗ್ತಾರಪ್ಪ, ನೀನು ಗಿಟಾರ್ ಹೊತ್ಕೊಂಡು ಹೊರಟಿದ್ದೀಯಲ್ಲ!” ಎಂದು ಎದುರಿನ ಆಂಟಿ ನಕ್ಕರು. ಸೀರೆಯೂ ಬ್ಯಾಗಿನಲ್ಲಿತ್ತು, ಬಿಡಿ.

2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ರೈಲು ಶುರುವಾದ ಮೇಲೆ ನಮಗೆ ಊರು ಹತ್ತಿರವಾಗಿದೆ. ಚನ್ನರಾಯಪಟ್ಟಣದಲ್ಲಿ ಇಳಿದು ಬಸ್ ಹಿಡಿದರೆ ಹೊಳೆನರಸೀಪುರ. ಹೇಮಾವತಿ ದಂಡೆಯ ನಮ್ಮೂರು.

ವರಮಹಾಲಕ್ಷ್ಮಿ ಹಬ್ಬದ ದಿನ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡನ್ನು ನಮ್ಮ ಬೀದಿಯಲ್ಲಿ ಶುರು ಮಾಡುತ್ತಿದ್ದವಳು ಅಮ್ಮ. ಹಿಂದಿನ ವರ್ಷ ಹಾಸನದಲ್ಲಿ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಆರೋಗ್ಯ ಸುಧಾರಿಸಿತು, ಆದರೆ ದನಿ ತಗ್ಗಿತು. ಆ ಹಬ್ಬದಲ್ಲಿ ಮೊಬೈಲಿನಲ್ಲಿ ಹಾಡು ಹಾಕಿ ಆರತಿ ಎತ್ತಿದೆವು. ಅಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅದಕ್ಕೇ ಈ ಸಲ ಗಿಟಾರು.

ಪಿಜಿ ರೂಮಿನಲ್ಲಿ ಎರಡು ತಿಂಗಳು ಒದ್ದಾಡಿದೆ. ಡಿ, ಜಿ, ಎ ಮೇಜರ್ ಕಾರ್ಡ್ ಹಾಕಿದರೆ ಸಿನಿಮಾ ಹಾಡಿನಂತೆ ಕೇಳುತ್ತಿತ್ತು, ದೇವರಮನೆಯ ಹಾಡಿನಂತಲ್ಲ. ಕಾರಣ ತಡವಾಗಿ ಹೊಳೆಯಿತು. ಈ ಹಾಡನ್ನು ಹೆಚ್ಚಾಗಿ ಹಾಡುವುದು ಮಧ್ಯಮಾವತಿಯಲ್ಲಿ. ಆ ರಾಗದಲ್ಲಿ ಇರುವುದು ಸ, ರಿ, ಮ, ಪ, ನಿ ಮಾತ್ರ. ಗಾಂಧಾರವೂ ಇಲ್ಲ, ಧೈವತವೂ ಇಲ್ಲ. ಕಾರ್ಡು ಮೇಜರೋ ಮೈನರೋ ಎಂದು ಹೇಳುವುದೇ ಗಾಂಧಾರ. ಅಂದರೆ ಡಿ ಮೇಜರ್ ಹಿಡಿದಾಗಲೆಲ್ಲ ಹಾಡಿನಲ್ಲಿಲ್ಲದ ಸ್ವರವನ್ನು ನಾನೇ ತುರುಕುತ್ತಿದ್ದೆ!

ಡಿ ತಂತಿಯನ್ನು ‘ಸ’ ಮಾಡಿಕೊಂಡು ನೋಡಿ. ಇ, ಎ, ಡಿ, ಜಿ ತಂತಿಗಳನ್ನು ಒತ್ತದೇ ಮೀಟಿದರೂ ಎಲ್ಲವೂ ರಾಗದ ಸ್ವರಗಳೇ. ಬಿ ತಂತಿಯೊಂದೇ ಹೊರಗಿನದು. ಮೊದಲ ಫ್ರೆಟ್‌ನಲ್ಲಿ ಒತ್ತಿದರೆ ಅದೂ ‘ನಿ’ ಆಗಿ ಒಳಗೆ ಬರುತ್ತದೆ.

ಇಷ್ಟೆಲ್ಲ ಕಲಿತು ಮನೆಯಲ್ಲಿ ನುಡಿಸಿದರೆ ಅಮ್ಮ ಎರಡು ಸಾಲಿಗೇ ನಿಲ್ಲಿಸಿಬಿಟ್ಟಳು. “ಮೇಲೆ ಹೋಗಕ್ಕಾಗಲ್ಲ ಕಣೋ, ಬಿಡು.”

ಮರುದಿನ ಅರಕಲಗೂಡಿನ ಚಿಕ್ಕಮ್ಮನನ್ನು ಹಬ್ಬಕ್ಕೆ ಕರೆಯಲು ಹೋದೆವು. ಅಲ್ಲಿಂದ ಹಾಗೇ ಕಾವೇರಿ ದಂಡೆಯ ರುದ್ರಪಟ್ಟಣಕ್ಕೆ. 1920ರಲ್ಲಿ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ರುದ್ರಪಟ್ಟಣಂ ಸಹೋದರರ ಊರು. ಪುಟ್ಟ ಹಳ್ಳಿ, ಆದರೆ ಎಷ್ಟು ಮನೆಗಳಲ್ಲಿ ಸಂಗೀತ! ವಿದ್ವಾಂಸ ಆರ್.ಕೆ. ಪದ್ಮನಾಭ ಅವರು ಇಲ್ಲಿ ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ತಂಬೂರಿಯ ಆಕಾರದಲ್ಲಿದೆ. ಅಮ್ಮ ಅದನ್ನೇ ನೋಡುತ್ತ ನಿಂತಿದ್ದಳು. “ತಂಬೂರಿ ನೋಡು, ಹಾಡೋರ ಹಿಂದೆ ಸುಮ್ನೆ ಇರುತ್ತೆ. ನಿನ್ನ ಗಿಟಾರು ನನ್ನ ಮುಂದೆ ಓಡುತ್ತೆ” ಅಂದಳು.

ಅಲ್ಲೇ ಅರ್ಥವಾಯಿತು. ನಾನು ಹಾಡನ್ನು ಕಲಿತಿದ್ದೆ, ಅಮ್ಮನ ಗಂಟಲನ್ನು ಕೇಳಿಸಿಕೊಂಡಿರಲಿಲ್ಲ.

ರಾತ್ರಿ ದಪ್ಪ ಇ ತಂತಿಯನ್ನು ಡಿಗೆ ಇಳಿಸಿದೆ. ಕೆಳಗಿನ ಮೂರು ತಂತಿ ಈಗ ಸ, ಪ, ಸ, ಪುಟ್ಟ ತಂಬೂರಿಯೇ. ಗಿಟಾರಿನ ಕುತ್ತಿಗೆಗೆ ಹಾಕುವ ಕ್ಲಿಪ್, ಅದೇ ಕ್ಯಾಪೊ, ಏಳನೇ ಮನೆಯಲ್ಲಿತ್ತು. ಅದು ಅಮ್ಮನ ಹಳೆಯ ಶ್ರುತಿ. ಐದಕ್ಕೆ ತಂದೆ, ಆಗಲಿಲ್ಲ. ನಾಲ್ಕಕ್ಕೆ ತಂದೆ, ಮೇಲಿನ ಸ್ವರದಲ್ಲಿ ಕೆಮ್ಮು ಬಂತು. ಮೂರಕ್ಕೆ ತಂದಾಗ ಅಮ್ಮ ಏನೂ ಹೇಳಲಿಲ್ಲ, ಹಾಡುತ್ತಲೇ ಹೋದಳು.

ಶುಕ್ರವಾರ ಸಂಜೆ ಅರಿಶಿನ-ಕುಂಕುಮಕ್ಕೆ ಬಂದವರೆಲ್ಲ ಕಲಶದ ಮುಂದೆ ಕೂತರು. ನಾನು ಮೂರು ತಂತಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಅಮ್ಮನ ದನಿ ಮೊದಲಿನಂತಿರಲಿಲ್ಲ, ದಪ್ಪಗಿತ್ತು, ಒಂದೆರಡು ಕಡೆ ಒಡೆಯಿತು. ಪಕ್ಕದ ಮನೆಯ ಅಜ್ಜಿ ಮಾತ್ರ, “ಈ ಶ್ರುತೀಲಿ ನಂಗೂ ಹಾಡಕ್ಕೆ ಆಯ್ತು ಕಣಮ್ಮ” ಅಂದರು.

ಈ ಹಬ್ಬಕ್ಕೆ ನೀವೂ ಗಿಟಾರ್ ಹಿಡಿದು ಊರಿಗೆ ಹೊರಟಿದ್ದರೆ ಒಂದು ಮಾತು: ಕಾರ್ಡ್ ಹುಡುಕುವ ಮೊದಲು ಮನೆಗೆ ಫೋನ್ ಮಾಡಿ, ಒಂದು ಸಾಲು ಹಾಡಿಸಿ ಕೇಳಿ. ಶ್ರುತಿ ಅಲ್ಲೇ ಸಿಗುತ್ತದೆ.